ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ (ಈಗಿನ ಅಧಿಕೃತ ಹೆಸರು ಶ್ರೀ ವಿಜಯಪುರಂ) ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಲಕ್ಷದ್ವೀಪ ಮುಗಿಸಿ ಹಾಗೇ ಅಂಡಮಾನಿಗೆ ಹೋಗಬಹುದಾ? ನಾವು ಹಾಸನದವರು.

ನೇರ ಗೆರೆ ಎಳೆದರೆ ಸುಮಾರು 2,240 ಕಿ.ಮೀ. ನಾನೂ ಇದೇ ಲೆಕ್ಕ ಹಾಕಿ ದುಡ್ಡು ಕಳ್ಕೊಂಡವನು. ದೊಡ್ಡ ವಿಮಾನಕ್ಕೆ ಮೂರು ಗಂಟೆ ದಾರಿ, ಒಂದು ದಿನ ಇಟ್ಟುಕೊಂಡರೆ ಧಾರಾಳ ಅಂದುಕೊಂಡೆ. ಆದರೆ ದೊಡ್ಡ ವಿಮಾನ ಅಗತ್ತಿಯಲ್ಲಿ ಇಳಿಯೋದೇ ಇಲ್ಲ. ರನ್‌ವೇ 1,200 ಮೀಟರ್ ಆಸುಪಾಸು, ಎರಡೂ ಪಕ್ಕ ಸಮುದ್ರ. ಅಲ್ಲಿಗೆ ಬರೋದು ಎಟಿಆರ್ ಥರದ ಫ್ಯಾನಿನ ಸಣ್ಣ ವಿಮಾನ. ಅದು ಒಂದೇ ಹಾರಾಟದಲ್ಲಿ ಪೋರ್ಟ್ ಬ್ಲೇರ್ ಮುಟ್ಟಲಾರದು. ನೇರ ವಿಮಾನ ಇಲ್ಲದಿರೋದು ಅದಕ್ಕೇ.

ನಾವು ಚಿಕ್ಕಮಗಳೂರಿನವರು. ಕಾಫಿ ಕೊಯ್ಲು ಮುಗಿದಿತ್ತು, ಗಿಡ ಹೂ ಬಿಡಿಸೋ ಹೂಮಳೆ ಇನ್ನೂ ಬಂದಿರಲಿಲ್ಲ, ತೋಟದಲ್ಲಿ ಸ್ವಲ್ಪ ಬಿಡುವಿತ್ತು ಅಂತ ಹೊರಟಿದ್ದು. ಅಗತ್ತಿಯಿಂದ ಕೊಚ್ಚಿಗೆ 460 ಕಿ.ಮೀ., ಅಲ್ಲಿಂದ ಚೆನ್ನೈಗೆ 520, ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ 1,370. ಕೂಡಿಸಿ ನೋಡಿ, ನೇರ ದೂರಕ್ಕಿಂತ ಬರೀ ನೂರು ಕಿ.ಮೀ. ಜಾಸ್ತಿ! ಹಾರಾಟದ ಹೊತ್ತು ಒಟ್ಟು ಐದು ಗಂಟೆ. ಇದನ್ನು ನೋಡಿಯೇ ನಾನು ಬೀಗಿದ್ದು. ಮೂರು ಟಿಕೆಟ್ ಬೇರೆ ಬೇರೆ ಕಡೆ ಅಗ್ಗಕ್ಕೆ ಸಿಕ್ಕಿತು, ಬೇರೆ ಬೇರೆಯಾಗಿಯೇ ಬುಕ್ ಮಾಡಿದೆ. ನನ್ನ ಹೆಂಡತಿ ಬೇಡ ಅಂದಿದ್ದಳು, ಅದನ್ನೂ ಹೇಳಿಬಿಡುತ್ತೇನೆ.

ಹೊರಡುವ ದಿನ ಕೊಚ್ಚಿಯಿಂದ ವಿಮಾನ ಬರಲೇ ಇಲ್ಲ. ಸಿಬ್ಬಂದಿಯೊಬ್ಬರು ಬಂದು ಇವತ್ತು ಇಲ್ಲ ಅಂದರು, ಒಳಗೆ ಹೋಗಿದ್ದ ಬ್ಯಾಗುಗಳನ್ನು ಟ್ಯಾಗ್ ಸಮೇತ ವಾಪಸ್ ಕೈಗೆ ಕೊಟ್ಟರು. ಲಕ್ಷದ್ವೀಪದಲ್ಲಿ ಇರೋಕೆ ಬೇಕಾದ ಪರ್ಮಿಟ್‌ನ ಕೊನೇ ದಿನ ಬೇರೆ. ಉಳಿದುಕೊಂಡಿದ್ದ ಮನೆಯವರು ಪಾಪ, ಠಾಣೆಗೆ ಹೋಗಿ ಮಾತಾಡಿ ಬಂದರು.

ಈಗ ಮುಖ್ಯ ವಿಷಯ. ಮೂರೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ (ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ), ಮೊದಲನೆಯದು ರದ್ದಾದಾಗ ಮುಂದಿನದಕ್ಕೆ ದಾರಿ ಮಾಡಿಕೊಡೋದು ಕಂಪನಿಯ ಕೆಲಸ. ಬೇರೆ ಬೇರೆ ಪಿಎನ್‌ಆರ್ ಆದರೆ ಚೆನ್ನೈ ವಿಮಾನದವರಿಗೆ ನೀವು ಅಗತ್ತಿಯಲ್ಲಿ ಸಿಕ್ಕಿಹಾಕಿಕೊಂಡಿದ್ದು ಯಾಕೆ ಬೇಕು? ಅವರ ಲೆಕ್ಕದಲ್ಲಿ ನೀವು ಬರಲಿಲ್ಲ, ಅಷ್ಟೇ. ಮೊದಲನೆಯವರು ಮಾರನೇ ದಿನದ ಸೀಟು ಕೊಟ್ಟರು, ಅದು ಅವರ ಟಿಕೆಟ್ ಮಟ್ಟಿಗೆ ಸರಿ. ಉಳಿದೆರಡರಲ್ಲಿ ಒಂದಿಷ್ಟು ತೆರಿಗೆ ಬಿಟ್ಟು ಮಿಕ್ಕಿದ್ದೆಲ್ಲ ಹೋಯ್ತು, ಅಂಡಮಾನಿನ ಹೋಟೆಲ್ ಅಡ್ವಾನ್ಸೂ ಹೋಯ್ತು. ಟಿಕೆಟ್ ರದ್ದು ಮಾಡೋಣ ಅಂದರೆ ಫೋನಿಗೆ ನೆಟ್‌ವರ್ಕ್ ಸಿಗೋ ಹೊತ್ತಿಗೆ ಅದರ ಗಡುವೂ ದಾಟಿತ್ತು. ಅಗ್ಗಕ್ಕೆ ಅಂತ ಉಳಿಸಿದ್ದು ಚಿಲ್ಲರೆ ಕಾಸು.

ಹಾಗಾಗಿ ನನ್ನ ಕೇಳಿದರೆ ಎರಡನ್ನೂ ಜೋಡಿಸೋದೇ ಬೇಡ. ನೀವು ಹಾಸನದವರು ಅಂತ ಬರೆದಿದ್ದೀರಿ, ಬೆಂಗಳೂರು ಏರ್‌ಪೋರ್ಟಿಗೆ ಕಾರಲ್ಲಿ ನಾಲ್ಕು ಗಂಟೆಯ ಹಾದಿ. ಅಲ್ಲಿಂದ ಪೋರ್ಟ್ ಬ್ಲೇರ್ ಎರಡೂವರೆ ಗಂಟೆ ಚಿಲ್ಲರೆ. ಅದನ್ನೊಂದು ಸಲ ಮಾಡಿ, ಲಕ್ಷದ್ವೀಪ ಇನ್ನೊಂದು ಸಲ. ಜೋಡಿಸಲೇಬೇಕು ಅಂದರೆ ಕೊಚ್ಚಿಯಲ್ಲೋ ಚೆನ್ನೈಯಲ್ಲೋ ಒಂದು ರಾತ್ರಿ ಅಲ್ಲ, ಎರಡು ರಾತ್ರಿ ಬಿಡಿ. ಮಳೆಗಾಲದಲ್ಲಂತೂ ಯೋಚನೆಯೇ ಬೇಡ.

ಲಕ್ಷದ್ವೀಪಕ್ಕೆ ಪರ್ಮಿಟ್ ಕೈಗೆ ಬಂದ ಮೇಲೆ ಟಿಕೆಟ್ ಮಾಡಿ. ಅಂಡಮಾನಿನಲ್ಲಿ ಬುಡಕಟ್ಟಿನವರ ಪ್ರದೇಶ ಬಿಟ್ಟರೆ ನಮಗೆ ಆ ತಲೆನೋವಿಲ್ಲ. ಗಡಿಯಾರ ಎರಡೂ ಕಡೆ ಒಂದೇ, ಆದರೆ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ಅಗತ್ತಿಗಿಂತ ಒಂದು ಗಂಟೆ ಇಪ್ಪತ್ತು ನಿಮಿಷ ಮೊದಲೇ ಮುಳುಗುತ್ತಾನೆ. ಮಧ್ಯಾಹ್ನ ತಡವಾಗಿ ಇಳಿಯೋ ವಿಮಾನ ತಗೊಂಡರೆ ಆ ದಿನ ಏನೂ ನೋಡೋಕಾಗಲ್ಲ.