ಜೋರ್ಡಾನ್‌ಗೆ ಹೋದರೆ ತಪ್ಪದೆ ಏನು ನೋಡಬೇಕು?

ಮೊದಲು ಪೆಟ್ರಾ, ಬಂಡೆಯಲ್ಲಿ ಕೆತ್ತಿದ ಹಳೇ ನಗರ. ಆಮೇಲೆ ವಾದಿ ರಮ್ ಮರುಭೂಮಿ, ಮೃತ ಸಮುದ್ರ. ದಿನ ಕಡಿಮೆ ಇದ್ದರೆ ಬೇರೆಯದನ್ನು ಬಿಟ್ಟು ಪೆಟ್ರಾಗೇ ಎರಡು ದಿನ ಇಡಿ.

ಸುಮಾರು 2000 ವರ್ಷಗಳ ಹಿಂದೆ ಇದು ನಬಾತಿಯನ್ನರು ಎಂಬ ಅರಬ್ ವ್ಯಾಪಾರಿಗಳ ರಾಜಧಾನಿ. ಮಳೆಯೇ ಅಪರೂಪವಾದ ಜಾಗದಲ್ಲಿ ಅಷ್ಟು ದೊಡ್ಡ ಊರು ಹೇಗೆ ಬದುಕಿತು ಅಂತ ಅನಿಸುತ್ತೆ ಅಲ್ವಾ? ಅವರು ನೀರನ್ನು ಪೋಲಾಗಲು ಬಿಡಲಿಲ್ಲ. ಚಳಿಗಾಲದ ಅಷ್ಟಿಷ್ಟು ಮಳೆಯನ್ನು ಅಣೆಕಟ್ಟು ಕಟ್ಟಿ ತಡೆದರು, ಬಂಡೆಯಲ್ಲೇ ತೊಟ್ಟಿ ಕೊರೆದು ಕೂಡಿಟ್ಟರು. ದೂರದ ಒರತೆಯ ನೀರನ್ನು ಮಣ್ಣಿನ ಕೊಳವೆಗಳಲ್ಲಿ ತಂದರು. ಧೂಪ, ಸಾಂಬಾರ ಪದಾರ್ಥ ಹೊತ್ತ ಒಂಟೆಗಳ ಸಾಲು ನೀರಿದ್ದ ಕಡೆ ನಿಲ್ಲಲೇಬೇಕು. ಹಾಗೆ ಹಣ ಬಂತು, ಬಂಡೆಯಲ್ಲಿ ಕೆತ್ತಿದ ಭವ್ಯ ಸಮಾಧಿಗಳೂ ಬಂದವು.

ಒಳಗೆ ಹೋಗುವ ದಾರಿಯ ಹೆಸರು ಸಿಕ್. ಬಂಡೆಗಳ ನಡುವಿನ 1.2 ಕಿ.ಮೀ. ಉದ್ದದ ಇಕ್ಕಟ್ಟಾದ ಬಿರುಕು ಅದು. ಅದರ ಕೊನೆಯಲ್ಲಿರುವ, ಬಂಡೆಯಲ್ಲಿ ಕೆತ್ತಿದ ಸುಮಾರು 40 ಮೀಟರ್ ಎತ್ತರದ ಸಮಾಧಿ ಖಜ್ನೆಯನ್ನು ನೋಡೋಕೆ ಎಲ್ಲರೂ ಓಡುತ್ತಾರೆ. ನೀವು ನಿಧಾನ ನಡೆಯಿರಿ. ನೀರು ತರಲು ಪಕ್ಕದ ಗೋಡೆಯುದ್ದಕ್ಕೂ ಕೊರೆದ ಹಳೇ ಕಾಲುವೆ ಈಗಲೂ ಕಾಣುತ್ತದೆ. ನನಗಂತೂ ಖಜ್ನೆಗಿಂತ ಅದೇ ಜಾಸ್ತಿ ಇಷ್ಟ. ಎರಡನೇ ದಿನ ಬೆಳಿಗ್ಗೆ ಸುಮಾರು 800 ಮೆಟ್ಟಿಲು ಹತ್ತಿ, ಬಂಡೆಯಲ್ಲೇ ಕೆತ್ತಿದ ಇನ್ನೊಂದು ಭವ್ಯ ಕಟ್ಟಡ ಅದ್‌ದೈರ್ ನೋಡಿ.

ವಾದಿ ರಮ್‌ನಲ್ಲಿ ಒಂದು ರಾತ್ರಿ ಟೆಂಟಿನಲ್ಲಿ ಉಳಿದರೆ ಸಾಕು.

ಮೃತ ಸಮುದ್ರದ ದಡ ಸಮುದ್ರಮಟ್ಟಕ್ಕಿಂತ 430 ಮೀಟರ್‌ಗೂ ಹೆಚ್ಚು ಕೆಳಗಿದೆ. ನೀರು ಹೊರಗೆ ಹರಿಯದೆ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೇ ಸುಮ್ನೆ ಮಲಗಿದರೂ ತೇಲುತ್ತೀರಿ. ಕಣ್ಣಿಗೆ ಮಾತ್ರ ಆ ನೀರು ತಾಗಿಸಬೇಡಿ.