ಕಟ್ಟು ನಮಗೆ, ಕಾಳು ಹಸುವಿಗೆ?

ಪ್ರಶ್ನೆ: ನನಗೆ 49 ವರ್ಷ. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 152 ಬಂದಿದೆ. ಬಿಪಿ, ಶುಗರ್ ಇಲ್ಲ. ಮೂರು ತಿಂಗಳು ನಾರಿನಂಶ ಹೆಚ್ಚು ತಿನ್ನಿ, ಆಮೇಲೆ ಮಾತ್ರೆಯ ವಿಚಾರ ನೋಡೋಣ ಎಂದಿದ್ದಾರೆ ಡಾಕ್ಟರು. ದಿನಕ್ಕೆ ಎರಡು ಹೊತ್ತು ಮುದ್ದೆ ಉಣ್ಣುವ ನನಗೆ ಇನ್ನೆಷ್ಟು ನಾರು ಬೇಕು ಮೇಡಂ? ಮಗಳು ಓಟ್ಸ್ ತಿನ್ನು ಎನ್ನುತ್ತಾಳೆ, ನನಗೆ ಗಂಟಲಲ್ಲಿ ಇಳಿಯುವುದಿಲ್ಲ.
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಮುದ್ದೆ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ರಾಗಿಯ ನಾರಿನಲ್ಲಿ ಹೆಚ್ಚಿನದು ನೀರಿನಲ್ಲಿ ಕರಗದ್ದು. ಅದರಿಂದ ಮಲಬದ್ಧತೆ ಹತ್ತಿರ ಸುಳಿಯುವುದಿಲ್ಲ, ಕೊಲೆಸ್ಟ್ರಾಲ್ ಮಾತ್ರ ಅಷ್ಟಾಗಿ ಬಗ್ಗುವುದಿಲ್ಲ. ನಿಮಗೆ ಬೇಕಾಗಿರುವುದು ನೀರಿನಲ್ಲಿ ಕರಗಿ ಲೋಳೆಯಾಗುವ ನಾರು. ನೆನೆಸಿದ ಮೆಂತ್ಯ, ಹೆಚ್ಚಿದ ಬೆಂಡೆಕಾಯಿ ಕೈಗೆ ಅಂಟುತ್ತವಲ್ಲ, ಅದೇ.

ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತರಸ ಮಾಡಿ ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದರ ಹೆಚ್ಚಿನ ಪಾಲನ್ನು ಕರುಳು ಹೀರಿ ಯಕೃತ್ತಿಗೇ ವಾಪಸು ಕಳಿಸುತ್ತದೆ. ಈ ಲೋಳೆ ನಡುವೆ ಬಂದು ಪಿತ್ತವನ್ನು ಹಿಡಿದು ಮಲದೊಂದಿಗೆ ಹೊರಗೆ ಸಾಗಿಸುತ್ತದೆ. ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್‌ಗೇ ಕೈಹಾಕಬೇಕಾಗುತ್ತದೆ.

ಮುದ್ದೆಯ ಜೊತೆ ಏನು ಉಣ್ಣುತ್ತೀರಿ ಎಂದು ನೀವು ಬರೆದಿಲ್ಲ. ನಮ್ಮಮ್ಮ ಹುರುಳಿಕಟ್ಟಿನ ಸಾರು ಮಾಡಿದ ದಿನ ಬೆಂದ ಕಾಳೆಲ್ಲ ಹಸುವಿನ ಬಾನಿಗೆ ಹೋಗುತ್ತಿತ್ತು. ಸಾರು ನಮಗೆ, ನಾರು ಹಸುವಿಗೆ! ಈಗಲೂ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುವುದು ಕಂಡು ನನಗೆ ಸಂಕಟವಾಗುತ್ತದೆ. ಬಸಿದ ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಪಲ್ಯ ಮಾಡಿ. ಅವರೆ, ಅಲಸಂದೆಯೂ ಆದೀತು. ಹೊಟ್ಟೆ ಉಬ್ಬರಿಸದಂತೆ ದಿನಕ್ಕಿಷ್ಟು ಎಂದು ಹೆಚ್ಚಿಸಿ. ಓಟ್ಸ್ ಬೇಡವೆಂದರೆ ಜವೆಗೋಧಿ, ಅಂದರೆ ಬಾರ್ಲಿ, ಗಂಜಿ ಕುಡಿಯಿರಿ, ಓಟ್ಸ್‌ನಲ್ಲಿರುವ ಬೀಟಾ-ಗ್ಲುಕಾನ್ ಎಂಬ ಕರಗುವ ನಾರು ಅದರಲ್ಲೂ ಇದೆ. ಇಸಬ್‌ಗೋಲ್ ತೆಗೆದುಕೊಳ್ಳುವುದಾದರೆ ದೊಡ್ಡ ಲೋಟ ನೀರಿನಲ್ಲಿ ಕಲಸಿ ಗಟ್ಟಿಯಾಗುವ ಮೊದಲೇ ಕುಡಿಯಬೇಕು. ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ.

ದಿನಕ್ಕೆ 5ರಿಂದ 10 ಗ್ರಾಂ ಕರಗುವ ನಾರು ಹೊಟ್ಟೆಗೆ ಹೋದರೆ ಎಲ್‌ಡಿಎಲ್ ಸುಮಾರು ಶೇ 5ರಷ್ಟು ಇಳಿಯುತ್ತದೆ. ನಿಮ್ಮ 152, 145ರ ಹತ್ತಿರ ಬಂದೀತು, ಅಷ್ಟೇ. ಉಳಿದದ್ದು ಕೊಬ್ಬಿನ ಲೆಕ್ಕ. ನಿಮ್ಮದು ತೆಂಗಿನ ಸೀಮೆ, ಸಾರಿಗೂ ಪಲ್ಯಕ್ಕೂ ಕಾಯಿತುರಿ ಧಾರಾಳ; ಅದನ್ನೂ ತುಪ್ಪವನ್ನೂ ಅರ್ಧಕ್ಕೆ ಇಳಿಸಿ. ಥೈರಾಯ್ಡ್ ಕಡಿಮೆಯಿದ್ದರೂ ಎಲ್‌ಡಿಎಲ್ ಏರುತ್ತದೆ, ಅದನ್ನು ಒಮ್ಮೆ ನೋಡಿಸಿ. ಮೂರು ತಿಂಗಳ ಬಳಿಕ ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಹಿಂದೆಮುಂದೆ ನೋಡದೆ ತೆಗೆದುಕೊಳ್ಳಿ. ಕಾಳಿನ ಪಲ್ಯ ಆಗಲೂ ಇರಲಿ.