ಸೇಲ್‌ನಲ್ಲಿ ತಗೊಳ್ಳಲಾ, ಎಸ್‌ಪಿ ರೋಡಿಗೆ ಹೋಗಲಾ?

ಡಿಸ್ಕೌಂಟ್ ಜಾಸ್ತಿ ಇದೆ ಅಂತ ಪಿಸಿಯ ಎಲ್ಲ ಪಾರ್ಟ್‌ಗಳನ್ನೂ ಒಂದೇ ದೊಡ್ಡ ಆನ್‌ಲೈನ್ ಸೇಲ್‌ನಲ್ಲಿ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಎಸ್‌ಎಸ್‌ಡಿ, ಪ್ರೊಸೆಸರ್ ತಗೊಳ್ಳಿ, ಪರವಾಗಿಲ್ಲ. ಮದರ್‌ಬೋರ್ಡ್ ಮಾತ್ರ ಬೆಂಗಳೂರಿನ ಕಂಪ್ಯೂಟರ್ ಪಾರ್ಟ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋಗಿ, ಕಣ್ಣಾರೆ ನೋಡಿ ತಗೊಳ್ಳಿ.

ನಾನೂ ಒಮ್ಮೆ ಆಫರ್ ಆಸೆಗೆ ಬೋರ್ಡ್ ತರಿಸಿದ್ದೆ. ಮನೆಯಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ನ ಮುಚ್ಚಳ ತೆಗೆದರೆ ಮೂಲೆಯಲ್ಲಿ ಎರಡು ಪಿನ್ ಬಾಗಿದ್ದವು. ಕೂದಲಿನಷ್ಟು ಸಣ್ಣ ಪಿನ್, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದಾಗಲೇ ಕಂಡಿದ್ದು. ನೀವೇ ಬಗ್ಗಿಸಿದ್ದು ಅಂತ ಮಾರಿದವರು ಅಂದುಬಿಟ್ಟರು, ವಾಪಸ್ಸೂ ಇಲ್ಲ, ವಾರಂಟಿಯೂ ಇಲ್ಲ. ಅದಕ್ಕೇ ಹೇಳಿದ್ದು, ಅಂಗಡಿಯವರ ಎದುರೇ ಮುಚ್ಚಳ ತೆಗೆಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಅಗ್ಗ ಅಂತ ಡಿಡಿಆರ್4 ರ‍್ಯಾಮ್ ಎತ್ತಿಕೊಂಡು ಬರಬೇಡಿ. ನೀವು ಹೇಳಿದ ಎಎಂ5 (ಎಎಂಡಿ ಪ್ರೊಸೆಸರ್‌ನ ಒಂದು ಸಾಕೆಟ್) ಬೋರ್ಡಿಗೆ ಡಿಡಿಆರ್5 ಮಾತ್ರ ಕೂರುತ್ತದೆ, ರ‍್ಯಾಮ್ ಅಂಚಿನ ಕಚ್ಚಿನ ಜಾಗವೇ ಬೇರೆ. ಪವರ್ ಸಪ್ಲೈನಲ್ಲಿ ಸುಮ್ನೆ ಜಿಪುಣತನ ಬೇಡ.

'ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ ಸಾರ್' ಅಂತ ಅಂಗಡಿಯವರು ಅನ್ನುತ್ತಾರೆ. 18% ಜಿಎಸ್‌ಟಿ ಉಳಿಯಿತು ಅಂತ ಖುಷಿಪಟ್ಟರೆ ನಾಳೆ ವಾರಂಟಿಗೆ ಏನು ತೋರಿಸುತ್ತೀರಿ? ಬಿಲ್‌ನಲ್ಲಿ ಸೀರಿಯಲ್ ನಂಬರನ್ನೂ ಬರೆಸಿಕೊಳ್ಳಿ.

ಕಾರು ತರಬೇಡಿ ಮಾರಾಯ್ರೆ, ಪಾರ್ಕಿಂಗ್ ಸಿಗೋದಿಲ್ಲ. ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ನಡೆಯಿರಿ. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.